ಹಾಸಿಗೆಗೆ ಬಂದ ರೇಷ್ಮೆ

ಐವರ್ನಾಡಿನಂತಹ ಅಡಿಕೆತೋಟಗಳ ಊರಿಗೂ ಈಗ ರೇಷ್ಮೆಯ ಹಾಸುಹೊದಿಕೆಗಳ ಮೋಹ ತಟ್ಟಿದೆ. ರೇಷ್ಮೆ ಒಲ್ಲದವರಿಗಾಗಿ ‘ಬಿದಿರಿನ ರೇಷ್ಮೆ’ ಎಂಬುದೂ ಬಂದಿದೆ. ಅದರಿಂದ ಹುಳುವಿಗೆ ಹಿಂಸೆಯಿಲ್ಲ, ಭೂಮಿಗೂ ಕೇಡಿಲ್ಲವೆಂದು ಮಾರುವವರು ಹೇಳುತ್ತಾರೆ. ಈ ಎರಡನೆಯ ಮಾತನ್ನು ನಾನು ಒಪ್ಪಲಾರೆ.

ರೇಷ್ಮೆಯ ಹಿಂಸೆ ಕಣ್ಣಿಗೆ ಕಾಣುವಂಥದು. ಪತಂಗವು ಗೂಡನ್ನು ಭೇದಿಸಿ ಹೊರಬಂದರೆ ನೀಳವಾದ ಎಳೆ ತುಂಡಾಗುವುದೆಂದು ಒಳಗಿನ ಜೀವವನ್ನು ಬಿಸಿಗಾಳಿಯಲ್ಲೋ ಹಬೆಯಲ್ಲೋ ಕೊಲ್ಲುತ್ತಾರೆ. ಒಂದು ಕಿಲೋ ನೂಲಿಗೆ ಆರೇಳು ಕಿಲೋ ಗೂಡು ಬೇಕು. ಆದರೆ ರಾಮನಗರದ ಮಾರುಕಟ್ಟೆಗೆ ಆ ಗೂಡನ್ನು ತರುವವರಲ್ಲಿ ಎಕರೆ, ಎರಡೆಕರೆ ಹಿಪ್ಪುನೇರಳೆಯನ್ನೇ ನಂಬಿದ ರೈತರೂ ಇದ್ದಾರೆಂಬುದನ್ನು ಮರೆಯಲಾಗದು.

ಇನ್ನೊಂದರ ಹಿಂಸೆ ಮರೆಯಲ್ಲಿದೆ. ಬಿದಿರನ್ನಾಗಲಿ ನೀಲಗಿರಿಯನ್ನಾಗಲಿ ತಿರುಳು ಮಾಡಿ, ಕ್ಷಾರ ಮತ್ತು ಕಾರ್ಬನ್ ಡೈಸಲ್ಫೈಡುಗಳಿಂದ ಕರಗಿಸಿ ತೆಗೆದ ಎಳೆಯೇ ವಿಸ್ಕೋಸ್. ಆ ಡೈಸಲ್ಫೈಡು ಕಾರ್ಮಿಕನ ನರಗಳಿಗೆ ವಿಷ. ಮರದಿಂದ ಬಟ್ಟೆ ಮಾಡುವುದರ ಬೆಲೆಯನ್ನು ಕನ್ನಡನಾಡು ಒಮ್ಮೆ ತೆತ್ತು ನೋಡಿದೆ. ಹರಿಹರದ ಸಮೀಪದ ಕುಮಾರಪಟ್ಟಣದ ಕಾರ್ಖಾನೆಗೆ ರೇಯಾನಿನ ತಿರುಳಿಗಾಗಿ ನೀಲಗಿರಿ ಬೇಕಾಯಿತು. 1984ರಲ್ಲಿ ಸರಕಾರ ಅದರೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಯನ್ನು ಕಟ್ಟಿ, ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಒಪ್ಪಿಸಹೊರಟಿತು. ಅದು ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ನೆಲ. 1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿಯ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದು ಆ ಸತ್ಯಾಗ್ರಹದ ಹೆಸರು. ಬಯಲುಸೀಮೆಯ ಆ ಕಡೆ ಹಚ್ಚುವುದೆಂದರೆ ನೆಡುವುದು. ಕೊನೆಗೆ ಸಂಸ್ಥೆಯೇ ಮುಚ್ಚಿಹೋಯಿತು.

ಲಯೋಸೆಲ್ ಎಂಬ ಹೊಸ ಎಳೆ ಇದಕ್ಕಿಂತ ಮೇಲು, ದಿಟ. ಅದರ ದ್ರಾವಕವನ್ನು ಬಹುಪಾಲು ಹಿಂದಕ್ಕೆ ಪಡೆದು ಮತ್ತೆ ಬಳಸುತ್ತಾರೆ. ಆದರೆ ಮರ ಯಾರ ನೆಲದಿಂದ ಬಂತು ಎಂಬ ಕುಸನೂರಿನ ಪ್ರಶ್ನೆಯನ್ನು ಆ ದ್ರಾವಕ ಕರಗಿಸಲಾರದು.

ಹತ್ತಿಯೂ ನಿರಪರಾಧಿಯಲ್ಲ, ನೀರಾವರಿಯ ಹತ್ತಿ ನೀರನ್ನೂ ಕೀಟನಾಶಕವನ್ನೂ ಬೇಡುತ್ತದೆ. ಆದರೂ ಬೇಸಗೆಯ ಬೆವರಿಗೂ ಆಟಿಯ ತೇವಕ್ಕೂ ಪಕ್ಕಾಗುವ ನಮ್ಮ ಸೀಮೆಗೆ, ಪದೇ ಪದೇ ಒಗೆಯಲು ಬರುವ ಕೈಮಗ್ಗದ ಹತ್ತಿಯ ಹಾಸೇ ಸಾಕೆಂದು ನನ್ನ ಎಣಿಕೆ. ದಿಂಬಿಗಾದರೋ ಬೂರುಗವಿದೆ. ಅದರ ಎಳೆ ನೂಲಲಾಗದಷ್ಟು ಗಿಡ್ಡ ಮತ್ತು ನುಣುಪು; ಆದುದರಿಂದಲೇ ಮಗ್ಗಕ್ಕೆ ಹೋಗದೆ ತಲೆಯಡಿಗೆ ಬಂತು. ಬೇಸಗೆಯಲ್ಲಿ ಕಾಯಿ ಬಿರಿಯುವ ಮೊದಲೇ ಕೊಯ್ದಿಡಬೇಕು. ತಡವಾದರೆ ಅರಳೆಯೆಲ್ಲ ಗಾಳಿಯ ಪಾಲು.