ಗುಬ್ಬಿ ಎಂಜಲು



ಇಂತಹ ಸಂಚಿಕೆಗಳಲ್ಲಿ ವಿದ್ಯಾಭ್ಯಾಸದ ಧ್ಯೇಯ, ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ ಮೊದಲಾದುವನ್ನು ಕುರಿತು ಬರೆಯುವುದು ವಾಡಿಕೆ. ಈ ಸಲ ನಾವು ಎತ್ತಿಕೊಂಡಿರುವ ವಿಷಯವು ಅವೆಲ್ಲಕ್ಕಿಂತಲೂ ಚಿಕ್ಕದು, ಒಂದು ಹಿಡಿ ಹುರಿಗಡಲೆಯಷ್ಟು. ನಮ್ಮ ಬಾಲಿಕೆಯರು ಬೆಳಗಿನ ಬಿಡುವಿನಲ್ಲಿ ತಿನ್ನುವ ತಿಂಡಿ ಮತ್ತು ಅದನ್ನು ಅವರು ತಮ್ಮತಮ್ಮೊಳಗೆ ಹಂಚಿಕೊಳ್ಳುವ ಬಗೆ, ಇದೇ ಆ ವಿಷಯ. ಬರೆಯುವುದಕ್ಕೆ ಕಾರಣವುಂಟು. ಪ್ರತಿಯೊಬ್ಬ ಹುಡುಗಿಯೂ ತನ್ನ ಡಬ್ಬಿಯದನ್ನು ತಾನೇ ತಿನ್ನತಕ್ಕದ್ದು, ಒಬ್ಬರದನ್ನು ಇನ್ನೊಬ್ಬರು ಮುಟ್ಟಕೂಡದು ಎಂಬ ನಿಯಮವನ್ನು ಶಾಲೆಯು ಮಾಡಬೇಕೆಂದು ಕೆಲವರು ಪೋಷಕರು ನಮ್ಮನ್ನು ಕೇಳಿರುವರು. ಕೇಳಿದವರಲ್ಲಿ ನಮಗೆ ಗೌರವವಿದೆ. ಆದರೆ ಆ ನಿಯಮವನ್ನು ಮಾಡಲು ನಮ್ಮ ಮನಸ್ಸು ಒಪ್ಪದು. ಏಕೆಂಬುದನ್ನು ಇಲ್ಲಿ ಅರಿಕೆ ಮಾಡುತ್ತೇವೆ.

ಊಟ ಬೇರೆ, ತಿಂಡಿ ಬೇರೆ. ಊಟವನ್ನು ಬಡಿಸುವವರು ಹಿರಿಯರು. ಯಾರಿಗೆ ಎಷ್ಟು ಎಂಬುದನ್ನು ಅವರೇ ನಿಶ್ಚಯಿಸುವರು. ತಿಂಡಿಯಾದರೋ ಮಗುವಿನ ಕೈಗೆ ಬಂದ ಮೇಲೆ ಮಗುವಿನದೇ. ಹನ್ನೆರಡು ವರ್ಷದ ಬಾಲಿಕೆಗೆ ತನ್ನದೆಂಬ ಹೊಲವಿಲ್ಲ, ತೋಟವಿಲ್ಲ, ಹಣವಿಲ್ಲ. ಅವಳು ಉಟ್ಟ ಲಂಗವನ್ನು ಕೂಡ ತಾಯಿಯನ್ನು ಕೇಳದೆ ಬೇರೊಬ್ಬರಿಗೆ ಕೊಡಲಾರಳು. ಡಬ್ಬಿಯಲ್ಲಿರುವ ಎರಡು ಕೋಡುಬಳೆ ಮಾತ್ರ ಅವಳು ಯಾರ ಅಪ್ಪಣೆಯನ್ನೂ ಬೇಡದೆ ಕೊಡಬಹುದಾದ ವಸ್ತು. ಯೋಹಾನನ ಸುವಾರ್ತೆಯಲ್ಲಿ ಬರುವ ಹುಡುಗನ ಬಳಿಯಲ್ಲಿದ್ದುದು ಐದು ಜವೆಗೋದಿಯ ರೊಟ್ಟಿ, ಎರಡು ಸಣ್ಣ ಮೀನು. ದೊಡ್ಡವರು ಅದನ್ನು ನೋಡಿ ಇದು ಎಷ್ಟರದು ಎಂದರು. ಕೊಡುವ ಗುಣವನ್ನು ನಾವು ನೀತಿಪಾಠದ ಗಂಟೆಯಲ್ಲಿ ಎಷ್ಟು ಸಲ ಹೇಳಿದರೂ, ಅದರ ನಿಜವಾದ ಅಭ್ಯಾಸ ನಡೆಯುವುದು ಹೊರಗೆ, ಮರದ ನೆರಳಿನಲ್ಲಿ, ಆ ಹತ್ತು ನಿಮಿಷಗಳಲ್ಲಿ.

ನಮ್ಮ ಅರೇಹಳ್ಳಿಯು ಕಾಫಿ ತೋಟಗಳ ನಡುವಣ ಊರು. ತೋಟದ ಒಡೆಯರ ಮಕ್ಕಳು, ಅದೇ ತೋಟದಲ್ಲಿ ಹಣ್ಣು ಕೊಯ್ಯುವವರ ಮಕ್ಕಳು, ಪೇಟೆಯ ಅಂಗಡಿಯವರ ಮಕ್ಕಳು, ಬಿಕ್ಕೋಡಿನ ಕಡೆಯಿಂದಲೂ ಬೇಲೂರಿನ ಕಡೆಯಿಂದಲೂ ಬಸ್ಸಿನಲ್ಲಿ ಬರುವ ಮಕ್ಕಳು, ಎಲ್ಲರೂ ಇಲ್ಲಿ ಒಂದೇ ಬೆಂಚಿನವರು. ಡಬ್ಬಿಗಳು ಮಾತ್ರ ಒಂದೇ ಬಗೆಯವಲ್ಲ. ಒಂದರಲ್ಲಿ ತುಪ್ಪ ಸವರಿದ ಅಕ್ಕಿರೊಟ್ಟಿ, ಇನ್ನೊಂದರಲ್ಲಿ ಚಕ್ಕುಲಿ, ಮತ್ತೊಂದರಲ್ಲಿ ಬರಿಯ ಪುರಿ. ಡಬ್ಬಿಯೇ ಇಲ್ಲದವಳ ಲಂಗದ ಮಡಿಲಿನಲ್ಲಿ ಕಾಲಕ್ಕೆ ತಕ್ಕಂತೆ ನೇರಳೆಹಣ್ಣು, ಸೀಬೆಕಾಯಿ, ನೆಲ್ಲಿಕಾಯಿ, ಮಳೆಗಾಲದಲ್ಲಿ ಸುಟ್ಟ ಹಲಸಿನ ಬೀಜ. ಒಂದು ಸಂಗತಿಯನ್ನು ಪೋಷಕರು ಗಮನಿಸಬೇಕೆಂದು ನಮ್ಮ ಪ್ರಾರ್ಥನೆ. ಅಕ್ಕಿರೊಟ್ಟಿಯವಳು ನೆಲ್ಲಿಕಾಯಿಗಾಗಿ ಕೈ ಚಾಚುವಳು. ಆ ಕ್ಷಣದಲ್ಲಿ ಯಾರು ಉಳ್ಳವರು, ಯಾರು ಇಲ್ಲದವರು ಎಂದು ಹೇಳುವುದು ಸುಲಭವಲ್ಲ. ಬರಿದೇ ತೆಗೆದುಕೊಳ್ಳುವ ಮಗುವು ಕೆಲವು ದಿನಗಳಲ್ಲಿ ಕುಗ್ಗಿ, ಗುಂಪಿನಿಂದ ದೂರ ಸರಿಯುವುದು. ತಾನೂ ಕೊಟ್ಟ ಮಗುವು ತಲೆಯೆತ್ತಿ ಕುಳಿತುಕೊಳ್ಳುವುದು. ಆದುದರಿಂದ ಕೊಡುವುದನ್ನು ಕಲಿಸಿದಷ್ಟೇ ಅಕ್ಕರೆಯಿಂದ ನಾವು ತೆಗೆದುಕೊಳ್ಳುವುದನ್ನೂ ಕಲಿಸಬೇಕಾಗಿದೆ.

ಈಗ ಶಿರೋನಾಮೆಯ ವಿಷಯಕ್ಕೆ ಬರೋಣ. ಗುಬ್ಬಿ ಎಂಜಲು ಎಂದರೆ ಏನೆಂಬುದನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೆ ವಿವರಿಸಬೇಕಾಗಿಲ್ಲ. ಕೆಲವರು ಇದನ್ನು ಕಾಗೆ ಎಂಜಲೆಂದೂ ಕರೆಯುವರು. ಗಟ್ಟಿಯಾದ ಕಮ್ಮರಕಟ್ಟೋ ಪೆಪ್ಪರಮಿಂಟೋ ಒಂದೇ ಇದ್ದು ತಿನ್ನುವವರು ಇಬ್ಬರಾದಾಗ, ಅದರ ಮೇಲೆ ಲಂಗದ ಅಂಚನ್ನು ಹೊದಿಸಿ, ಬಟ್ಟೆಯ ಮೇಲಿನಿಂದಲೇ ಹಲ್ಲಿನಿಂದ ಕಡಿದು ಎರಡು ಮಾಡುವರು. ಬಾಯಿ ತಗುಲಲಿಲ್ಲವಾದುದರಿಂದ ಅದು ಎಂಜಲಲ್ಲ. ಗುಬ್ಬಿಯ ಎಂಜಲು ಎಂಜಲಾಗುವುದೆ? ತಮಿಳು ಮಕ್ಕಳು ಇದನ್ನು ಕಾಕಾ ಕಡಿ ಎನ್ನುವರು, ತೆಲುಗು ಮಕ್ಕಳು ಕಾಕಿ ಎಂಗಿಲಿ ಎನ್ನುವರು. ಭಾಷೆ ಬೇರೆಯಾದರೂ ಉಪಾಯ ಒಂದೇ.

ನಮ್ಮ ನಾಡಿನಲ್ಲಿ ಎಂಜಲಿನ ವಿಚಾರವು ಸಾಮಾನ್ಯವಾದದ್ದಲ್ಲವೆಂಬುದನ್ನು ನೆನೆದರೆ ಈ ಉಪಾಯದ ಬೆಲೆ ತಿಳಿಯುವುದು. ಯಾರ ಕೈಯ ನೀರನ್ನು ಯಾರು ಕುಡಿಯಬಹುದು, ಯಾರ ಪಂಕ್ತಿಯಲ್ಲಿ ಯಾರು ಕೂರಬಹುದು ಎಂಬುದರ ಮೇಲೆ ಊರುಗಳೇ ಕೇರಿಕೇರಿಗಳಾಗಿ ಒಡೆದು ನಿಂತವು. ಮಕ್ಕಳು ಹಿರಿಯರೊಡನೆ ವಾದಕ್ಕೆ ಹೋಗಲಿಲ್ಲ. ಶಾಸ್ತ್ರವನ್ನು ಮೀರದಂತೆಯೂ ಗೆಳತಿಯನ್ನು ಬಿಡದಂತೆಯೂ, ಒಂದು ಮೊಳ ಬಟ್ಟೆಯ ತುದಿಯಿಂದ ದಾರಿ ಮಾಡಿಕೊಂಡರು. ದೊಡ್ಡವರು ಈ ವಿಷಯದಲ್ಲಿ ಬಹಳ ತಡವಾಗಿ ಎಚ್ಚತ್ತರು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವು 17ನೆಯ ಅನುಚ್ಛೇದದಿಂದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 15ನೆಯ ಅನುಚ್ಛೇದವು ಅಂಗಡಿ, ಹೋಟೆಲು, ಬಾವಿ, ಕೆರೆಗಳಿಂದ ಯಾರನ್ನೂ ಜಾತಿಮತಗಳ ಕಾರಣದಿಂದ ದೂರವಿಡಬಾರದೆಂದಿತು. ಹೋಟೆಲಿನ ಬಾಗಿಲನ್ನು ಕಾನೂನು ತೆರೆಯಿತು. ತಿಂಡಿಯ ಡಬ್ಬಿಯ ಮುಚ್ಚಳವನ್ನು ತೆರೆಯುವುದು ಯಾವ ಕಾನೂನಿಗೂ ಸಾಧ್ಯವಲ್ಲ. ಅದನ್ನು ತಾಯಿ ಒಪ್ಪಬೇಕು, ಮಗಳು ತೆರೆಯಬೇಕು.

ಪೋಷಕರ ಆಕ್ಷೇಪಗಳಲ್ಲಿ ಮೊದಲನೆಯದು ಶುಚಿತ್ವ. ಇದು ನ್ಯಾಯವಾದ ಮಾತು. ಲಂಗದ ಬಟ್ಟೆಯು ರೋಗಾಣುಗಳನ್ನು ತಡೆಯದೆಂಬುದನ್ನು ಇಂದು ಚಿಕ್ಕ ಮಕ್ಕಳೂ ಬಲ್ಲರು. ಕೈ ತೊಳೆಯದೆ ಯಾರೂ ಡಬ್ಬಿ ತೆರೆಯಬಾರದು, ಕಚ್ಚಿದ್ದನ್ನು ಕೊಡಬಾರದು, ತಿನ್ನುವುದಕ್ಕೆ ಮುಂಚೆಯೇ ಮುರಿದು ಹಂಚಬೇಕು, ನೆಗಡಿ ಜ್ವರವಿದ್ದವರು ಅಂದು ಹಂಚದಿರಬೇಕು. ಕಡಲೆಕಾಯಿ ಮೊದಲಾದುವು ಕೆಲವರ ದೇಹಕ್ಕೆ ಒಗ್ಗದಿರುವುದುಂಟು. ಅದನ್ನು ತಾಯಂದಿರು ನಮಗೆ ಮುಂದಾಗಿ ತಿಳಿಸಬೇಕು. ಇಷ್ಟನ್ನು ನಾವು ಒಪ್ಪುವೆವು. ಆದರೆ ಶುಚಿತ್ವವು ಎಲ್ಲ ಹುಡುಗಿಯರಿಗೂ ಸಮನಾಗಿ ಅನ್ವಯಿಸತಕ್ಕದ್ದು. “ಎಲ್ಲರೊಡನೆಯೂ ಹಂಚಿಕೊಳ್ಳಲಿ, ಇಂತಹವಳ ಡಬ್ಬಿಯಿಂದ ಮಾತ್ರ ಬೇಡ” ಎಂದು ಒಬ್ಬಳ ಹೆಸರನ್ನು ಎತ್ತಿ ಹೇಳಿದಾಗ, ಅದು ಶುಚಿತ್ವದ ಮಾತಾಗಿ ಉಳಿಯಲಿಲ್ಲ. ಅದು ಯಾವ ಮಾತೆಂಬುದು ಹೇಳಿದವರಿಗೂ ಗೊತ್ತು, ಕೇಳಿದ ಮಗುವಿಗೂ ಗೊತ್ತು.

ಎರಡನೆಯದು ಮತಾಚಾರ. ಒಂದು ಮನೆಯಲ್ಲಿ ಮೊಟ್ಟೆ ಸಲ್ಲದು, ಇನ್ನೊಂದರಲ್ಲಿ ಈರುಳ್ಳಿ ಸಲ್ಲದು, ಮತ್ತೊಂದರಲ್ಲಿ ಉಪವಾಸದ ತಿಂಗಳು. ಇದನ್ನು ನಾವು ಗೌರವಿಸುವೆವು. ಆದರೆ ತಿನ್ನುವ ವಸ್ತು ಬೇರೆಯಾದ ಮಾತ್ರಕ್ಕೆ ಕೂರುವ ಸ್ಥಳವೂ ಬೇರೆಯಾಗಬೇಕಾಗಿಲ್ಲ. ನಮ್ಮ ಸರ್ಕಾರದವರು 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭಿಸಿ ಮುಂದೆ ರಾಜ್ಯಕ್ಕೆಲ್ಲ ವಿಸ್ತರಿಸಿದ ಅಕ್ಷರ ದಾಸೋಹದ ಪಂಕ್ತಿಯನ್ನು ನೋಡಬಹುದು. 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳಲ್ಲಿ ಮೊದಲಾಗಿ ಅನಂತರ ಎಲ್ಲ ಕಡೆಗೂ ಬಂದ ಏರ್ಪಾಡಿನಂತೆ ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಯ ಹಣ್ಣು ದೊರೆಯುವುದು. ಪಂಕ್ತಿ ಮಾತ್ರ ಒಂದೇ ಇರಬಹುದು. ನಮ್ಮ ಹುಡುಗಿಯರಿಗೆ ನಾವು ಹೇಳಿಕೊಡುವುದು ಇಷ್ಟೆ: ಕೊಡುವ ಮೊದಲು ಅದರಲ್ಲಿ ಏನಿದೆಯೆಂದು ಹೇಳು, ಬೇಡವೆಂದವಳನ್ನು ಬಲವಂತಪಡಿಸಬೇಡ, ಬೇಡವೆನ್ನುವಾಗ ಮೂಗು ಮುರಿಯಬೇಡ.

ಹಬ್ಬಗಳನ್ನಾದರೂ ನೋಡಿರಿ. ಸಂಕ್ರಾಂತಿಯ ದಿನ ನಮ್ಮ ಕಡೆಯ ಹೆಣ್ಣುಮಕ್ಕಳು ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆ, ಸಕ್ಕರೆ ಅಚ್ಚುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಮನೆಮನೆಗೆ ಎಳ್ಳು ಬೀರಲು ಹೋಗುವರು. ಕೊಬ್ಬರಿಯು ನಮ್ಮದೇ ಅರಸೀಕೆರೆಯ ಸೀಮೆಯ ಬೆಳೆ. ಗೌರಿ ಗಣೇಶಕ್ಕೆ ಮಾಡುವ ಕರ್ಜಿಕಾಯಿಯನ್ನೇ ಮಂಗಳೂರಿನ ಕಡೆಯ ಕ್ರೈಸ್ತರು ನೆವ್ರಿಯೆಂಬ ಹೆಸರಿನಿಂದ ಕ್ರಿಸ್ಮಸ್ಸಿಗೆ ಮಾಡಿ, ಕುಸ್ವಾರ್ ಎಂಬ ತಿಂಡಿಗಳ ತಟ್ಟೆಯಲ್ಲಿಟ್ಟು ನೆರೆಹೊರೆಗೆ ಹಂಚುವರು. ಮಡಿಕೆಯೂ ಅದೇ, ಒಳಗಿನ ಸಿಹಿಯೂ ಹೆಚ್ಚು ಬೇರೆಯಲ್ಲ. ಹಿರಿಯರು ವರ್ಷಕ್ಕೊಮ್ಮೆ ಸಂಭ್ರಮದಿಂದ ಮಾಡುವುದನ್ನು ಮಕ್ಕಳು ದಿನವೂ ಮಾಡಿದರೆ ತಪ್ಪೇನು?

ನಮಗೆ ನಿಜವಾಗಿ ಚಿಂತೆಯನ್ನುಂಟುಮಾಡುವುದು ಇನ್ನೊಂದಿದೆ. ಅಂಗಡಿಯ ಬಣ್ಣದ ಪೊಟ್ಟಣ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸುಗಳನ್ನು ಶಾಲೆಯೊಳಗೂ ಶಾಲೆಯ ಬಾಗಿಲಿನಿಂದ 50 ಮೀಟರಿನೊಳಗೂ ಮಾರಬಾರದೆಂದು 2020ರ ಆಹಾರ ಸುರಕ್ಷತೆಯ ನಿಯಮಗಳು ಹೇಳುತ್ತವೆ. ದೇಹಕ್ಕಾಗುವ ಕೆಡುಕನ್ನು ವೈದ್ಯರು ಹೇಳುವರು. ಉಪಾಧ್ಯಾಯಿನಿಯರಾದ ನಾವು ಹೇಳುವುದು ಬೇರೊಂದು ನಷ್ಟವನ್ನು. ಹತ್ತು ಮಂದಿಯ ಕೈಯಲ್ಲಿಯೂ ಒಂದೇ ಪೊಟ್ಟಣವಿದ್ದರೆ ಕೊಟ್ಟು ತೆಗೆದುಕೊಳ್ಳುವುದಕ್ಕೆ ಏನಿದೆ? “ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಮಾಡುತ್ತಾರೆ?” ಎಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಮನೆಯ ತಿಂಡಿಯೊಡನೆ ಒಂದು ಮನೆಯ ಸಮಾಚಾರವೇ ಬರುತ್ತದೆ. ಅಜ್ಜಿಯ ಕೈಗುಣ, ತೋಟದ ಮೂಲೆಯ ಮರ, ಹಬ್ಬದ ಹೆಸರು. ನೆರೆಯವರನ್ನು ಅರಿಯುವುದಕ್ಕೆ ಭೂಗೋಳದ ಪುಸ್ತಕಕ್ಕಿಂತ ಇದು ಹತ್ತಿರದ ದಾರಿ.

ಆದಕಾರಣ ಪೋಷಕರಲ್ಲಿ ನಮ್ಮ ವಿಜ್ಞಾಪನೆ ಮೂರು. ಕೈಲಾದವರು ಡಬ್ಬಿಗೆ ಒಂದು ಹಿಡಿ ಹೆಚ್ಚಾಗಿ ಹಾಕಿರಿ. ಮುರಿಯಲು ಬರುವಂತಹದನ್ನು ಹಾಕಿದರೆ ಇನ್ನೂ ಲೇಸು. ಕೈಲಾಗದವರು ನಾಚಿಕೊಳ್ಳಬೇಡಿರಿ, ನಿಮ್ಮ ಮಗಳು ತರುವ ನಾಲ್ಕು ನೆಲ್ಲಿಕಾಯಿಗೆ ಇಲ್ಲಿ ಕಾಯುವವರಿದ್ದಾರೆ. ಸಂಜೆ ಮಗಳು ಮನೆಗೆ ಬಂದಾಗ ತಿಂಡಿಯನ್ನು ಯಾರಿಗೆ ಕೊಟ್ಟುಬಿಟ್ಟೆಯೆಂದು ಗದರಿಸುವುದರ ಬದಲು, ಇಂದು ಯಾರೊಡನೆ ತಿಂದೆಯೆಂದು ಕೇಳಿರಿ. ಅವಳು ಹೇಳುವ ಹೆಸರನ್ನು ಕೇಳಿ ನಿಮ್ಮ ಮುಖ ಬಾಡದಿರಲಿ. ಮಕ್ಕಳು ನಿಮ್ಮ ಮಾತಿಗಿಂತ ಮುಂಚೆ ಮುಖವನ್ನು ಓದಿಬಿಡುವರು.

ಪೂರ್ವ ವಿದ್ಯಾರ್ಥಿನಿಯರಲ್ಲಿಯೂ ಒಂದು ಮಾತು. ನಿಮ್ಮಲ್ಲಿ ಅನೇಕರು ಇಂದು ತಾಯಂದಿರು, ಕೆಲವರು ಅಜ್ಜಿಯರು. ಇಲ್ಲಿ ಕಲಿತ ಬೀಜಗಣಿತದ ಸೂತ್ರವನ್ನು ನೀವು ಮರೆತಿದ್ದರೆ ನಾವು ಬೇಸರಪಡುವುದಿಲ್ಲ. ಯಾರ ಡಬ್ಬಿಯಿಂದ ಏನನ್ನು ತಿಂದಿರೆಂಬುದನ್ನು ಮಾತ್ರ ನೀವು ಮರೆತಿರಲಾರಿರಿ. ಅದನ್ನು ನಿಮ್ಮ ಹೆಣ್ಣುಮಕ್ಕಳಿಗೆ ಹೆಸರು ಸಹಿತವಾಗಿ ಹೇಳಿರಿ. ಡಬ್ಬಿಗಳನ್ನು ಬೇರೆಬೇರೆ ಮಾಡುವ ನಿಯಮವನ್ನು ನಾವು ಬರೆಯುವುದಿಲ್ಲ. ಬರೆಯಬೇಕೆಂದು ಕೇಳುವವರಿಗೆ ನಮಗಿಂತ ಚೆನ್ನಾಗಿ ಉತ್ತರ ಕೊಡಬಲ್ಲವರು ನೀವೇ.