ಕಡಲೂರುಗಳನ್ನು ಕೇಳಿ ಕ್ಲಿಕ್ಕಿಸಿ



ರಜೆ ಬಂತೆಂದರೆ ನಮ್ಮ ಯಶವಂತಪುರದ ಎಷ್ಟೋ ಛಾಯಾಗ್ರಹಣ ಹವ್ಯಾಸಿಗಳು ಪಂಚಗಂಗಾ ರೈಲು ಹತ್ತಿ ಕರಾವಳಿಗೆ ಹೊರಡುತ್ತಾರೆ. ಆದರೆ ಹೆಚ್ಚಿನವರು ಮುರುಡೇಶ್ವರ, ಗೋಕರ್ಣ ನೋಡಿ ಮರಳಿಬಿಡುತ್ತಾರೆ. ಕ್ಯಾಮೆರಾಕ್ಕೆ ನಿಜವಾದ ಹಬ್ಬವಿರುವುದು ಸಣ್ಣ ಊರುಗಳಲ್ಲಿ.

ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆಯಲ್ಲಿ ಒಂದೇ ಓಣಿಯಿಂದ ಹೊಳೆಯೂ ಕಡಲೂ ಕಾಣುತ್ತವೆ. ಮರವಂತೆಯಲ್ಲಿ ಬೆಳಗಿನ ಬೆಳಕು ಸೌಪರ್ಣಿಕೆಯ ಮೇಲೆ, ಸಂಜೆಯದು ಅರಬ್ಬಿ ಸಮುದ್ರದ ಮೇಲೆ, ನಡುವೆ ಹೆದ್ದಾರಿಯಷ್ಟೇ. ಬೇಸಿಗೆಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೋಡಬೇಕು. 1901ರ ಕಾಪು ದೀಪಸ್ತಂಭವಂತೂ ಇದ್ದೇ ಇದೆ. ಜೂನ್, ಜುಲೈನಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ದೋಣಿಗಳು ಕಡಲಿಗಿಳಿಯುವ ದೃಶ್ಯ ಬೇಕಾದವರು ಮಳೆಗಾಲ ಕಳೆದ ಮೇಲೆ ಹೋಗುವುದು ಒಳ್ಳೆಯದು.

ಒಂದು ಮನವಿ. ಮೀನು ಒಣಗಿಸುವ ಮಹಿಳೆಯರು, ಬಲೆ ಹೆಣೆಯುವ ಹಿರಿಯರು ನಮ್ಮ ಚಿತ್ರದ ಅಲಂಕಾರವಲ್ಲ. ಮಾತನಾಡಿಸಿ, ಒಪ್ಪಿಗೆ ಪಡೆದು ಕ್ಲಿಕ್ಕಿಸೋಣ. ಪ್ರವಾಸೋದ್ಯಮ ಇಲಾಖೆಯೂ ಇಂಥ ಊರುಗಳ ನಕ್ಷೆ, ಬಸ್ಸಿನ ವಿವರ, ಸ್ಥಳೀಯರು ನಡೆಸುವ ವಸತಿಗಳ ಮಾಹಿತಿಯನ್ನು ಕನ್ನಡದಲ್ಲಿ ಪ್ರಕಟಿಸಲಿ. ಆಗ ಪ್ರವಾಸಿಗರ ಹಣದ ಒಂದು ಪಾಲಾದರೂ ಆ ಊರಿನವರ ಕೈಸೇರುತ್ತದೆ.

– ಓದುಗ, ಯಶವಂತಪುರ, ಬೆಂಗಳೂರು