ಖಾಕಿಗೆ ಪೌರತ್ವದ ತಕರಾರು: ಮೊದಲು ನಿಯಮ ಓದಿ

ಪೌರತ್ವಕ್ಕೆ ಕಾಯುತ್ತಿರುವವರನ್ನು ಪೊಲೀಸ್ ಇಲಾಖೆಗೆ ಸೇರಿಸಿಕೊಳ್ಳಬಹುದೇ? ಸೇರಿಸಿಕೊಳ್ಳಬಹುದು. ಹಾಗೆಂದು ಕರ್ನಾಟಕದ ನಿಯಮವೇ ಹೇಳುತ್ತದೆ, ಅದೂ 1977ರಿಂದ. ಬಾಂಗ್ಲಾದೇಶ, ಪಾಕಿಸ್ತಾನ, ಅಫ್ಗಾನಿಸ್ತಾನಗಳಿಂದ 2024ರ ಡಿಸೆಂಬರ್ 31ರೊಳಗೆ ಬಂದ ಅಲ್ಪಸಂಖ್ಯಾತರು ದಾಖಲೆ ಇಲ್ಲದಿದ್ದರೂ ಇಲ್ಲಿ ಉಳಿಯಬಹುದೆಂದು ಕೇಂದ್ರ 2025ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದ ಮೇಲೆ ‘ಇನ್ನು ಲಾಠಿಯನ್ನೂ ಇವರ ಕೈಗೆ ಕೊಡಬೇಕೇ’ ಎಂದು ಕೇಳುವವರು ಹೆಚ್ಚಿದ್ದಾರೆ. ನಿಯಮ ಓದಿದವರು ಮಾತ್ರ ಕಾಣುತ್ತಿಲ್ಲ.

1977ರ ಆ ಸಾಮಾನ್ಯ ನೇಮಕಾತಿ ನಿಯಮಗಳ 5ನೇ ನಿಯಮದ ಪ್ರಕಾರ ನೇಪಾಳದ ಪ್ರಜೆಯೂ ಭೂತಾನದ ಪ್ರಜೆಯೂ ಅರ್ಹರು. ಸರ್ಕಾರದ ಅರ್ಹತಾ ಪ್ರಮಾಣಪತ್ರವೊಂದು ಬೇಕು, ಅಷ್ಟೆ. ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳನ್ನು 2020ರಲ್ಲಿ ಕೆಡವುವವರೆಗೂ ಅಲ್ಲಿನ ಅಡುಗೆಮನೆಗಳಲ್ಲಿ ನೇಪಾಳದ ಹುಡುಗರನ್ನು ಕಂಡವರು ಗಂಗಾವತಿಯಲ್ಲಿ ಬೇಕಾದಷ್ಟಿದ್ದಾರೆ. ಪಿಯುಸಿ ಮುಗಿಸಿ, ಕನ್ನಡ ಕಲಿತು ಅವರಲ್ಲೊಬ್ಬ ಅರ್ಜಿ ಹಾಕಿದರೆ ಪೌರತ್ವ ಅಡ್ಡಬರುವುದಿಲ್ಲ. ಐಪಿಎಸ್‌ಗೆ ಮಾತ್ರ ಪೌರತ್ವ ಕಡ್ಡಾಯ. ಆ ಬಾಗಿಲು ಮುಚ್ಚಿಯೇ ಇದೆ.

ನೆಲೆಸುವ ಉದ್ದೇಶದಿಂದ ಪಾಕಿಸ್ತಾನ, ಬರ್ಮಾ, ಶ್ರೀಲಂಕಾದಂಥ ದೇಶಗಳಿಂದ ಬಂದ ಭಾರತೀಯ ಮೂಲದವರೂ ಇದೇ ನಿಯಮದಲ್ಲಿದ್ದಾರೆ. ಅವರ ಅರ್ಹತಾ ಪತ್ರಕ್ಕೆ ಒಂದು ವರ್ಷದ ಆಯುಷ್ಯ. ಅಷ್ಟರಲ್ಲಿ ಪೌರತ್ವ ಸಿಗದಿದ್ದರೆ ಕೆಲಸ ಹೋಯಿತು. ನನ್ನ ತಕರಾರು ಈ ಒಂದು ವರ್ಷದ ಬಗ್ಗೆ. ಗಂಗಾವತಿಯಿಂದ ಕಾರಟಗಿ ದಾಟಿ ಸಿಂಧನೂರಿಗೆ ಹೋದರೆ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಿವೆ. 1970ರ ದಶಕದಲ್ಲಿ ಸರ್ಕಾರವೇ ಕರೆತಂದು ಜಮೀನು ಕೊಟ್ಟು ಕೂರಿಸಿದ ಬಂಗಾಳಿ ನಿರಾಶ್ರಿತ ಕುಟುಂಬಗಳವು. ಅಲ್ಲಿನ ಹಿರಿಯರಿಗೆ ಪೌರತ್ವ ತಿದ್ದುಪಡಿ ಕಾಯ್ದೆಯಡಿ ಪ್ರಮಾಣಪತ್ರ ಬಂದದ್ದು 2024ರಲ್ಲಿ, ಅದೂ ಮೊದಲಿಗೆ ಐವರಿಗೆ. ಪೌರತ್ವ ಕೊಡುವುದು ಸರ್ಕಾರದ ಕೆಲಸ. ಅದಕ್ಕೆ ಐವತ್ತು ವರ್ಷ ತೆಗೆದುಕೊಂಡ ವ್ಯವಸ್ಥೆ ಅಭ್ಯರ್ಥಿಗೆ ಹನ್ನೆರಡು ತಿಂಗಳ ಗಡುವು ಕೊಡುತ್ತದೆ. ವಿಳಂಬ ಯಾರದು, ದಂಡ ಯಾರಿಗೆ?

ಇನ್ನೊಂದು ವಿಷಯವನ್ನು ಇವರ ಪರ ವಾದಿಸುವವರೂ ಮರೆಯುತ್ತಾರೆ. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು, ತಂದೆ ತಾಯಿ ಯಾವ ದೇಶದವರಾದರೂ, ಹುಟ್ಟಿನಿಂದಲೇ ನಾಗರಿಕರು ಎನ್ನುತ್ತದೆ ಪೌರತ್ವ ಕಾಯ್ದೆ. ಟಿಬೆಟನ್ನರ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2013ರಲ್ಲೇ ಇದನ್ನು ಎತ್ತಿಹಿಡಿದಿದೆ. ಅಪ್ಪ ಅಮ್ಮ ಇಬ್ಬರೂ ಆ ದಿನಾಂಕದೊಳಗೆ ಕ್ಯಾಂಪಿನಲ್ಲಿ ಹುಟ್ಟಿದ್ದರೆ, ಇಂದು ಕಾನ್‌ಸ್ಟೆಬಲ್ ಹುದ್ದೆಗೆ ಓಡಿ ತಯಾರಾಗುತ್ತಿರುವ ಮಗ ಯಾವ ಪೌರತ್ವಕ್ಕೂ ಕಾಯಬೇಕಿಲ್ಲ. ಆತ ನಾಗರಿಕನೇ. ಆದರೆ ಪೂರ್ವಾಪರ ಪರಿಶೀಲನೆಗೆ ಬರುವವರ ಕೈಯಲ್ಲಿ ನಮೂನೆ ಇರುತ್ತದೆ, 1987ರ ಕಲಮು ಇರುವುದಿಲ್ಲ. ಅಜ್ಜನ ಪುನರ್ವಸತಿ ಕಾಗದ ಕೇಳುತ್ತಾರೆ. ಕೇಳಬೇಕಾದದ್ದು ಅಪ್ಪ ಅಮ್ಮನ ಶಾಲಾ ದಾಖಲಾತಿ. ಹುಟ್ಟಿದ ಊರೂ ತಾರೀಖೂ ಅದರಲ್ಲೇ ಇರುತ್ತವೆ.

ಈ ನಿಯಮ ಎಷ್ಟು ಹಳತಾಗಿದೆ ಎನ್ನುವುದಕ್ಕೆ ಟಿಬೆಟನ್ನರ ಸಾಲು ನೋಡಿ. 1962ರ ಜನವರಿ 1ಕ್ಕೆ ಮುಂಚೆ ಬಂದ ನಿರಾಶ್ರಿತರು ಮಾತ್ರ ಅರ್ಹರು. ಆಗ ಕೈಗೂಸಾಗಿ ಬೈಲಕುಪ್ಪೆಗೆ ಬಂದವರಿಗೂ ಈಗ ಅರವತ್ತು ದಾಟಿದೆ; ರಾಜ್ಯ ಸೇವೆಯಲ್ಲಿ ನಿವೃತ್ತಿಯ ವಯಸ್ಸೇ ಅರವತ್ತು. ಇಂದು ಒಬ್ಬನೇ ಒಬ್ಬ ಅಭ್ಯರ್ಥಿಗೂ ಅನ್ವಯವಾಗದ ಸಾಲು ಅದು. ಇತ್ತ ಬಾಂಗ್ಲಾದೇಶದ ಹೆಸರು ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಪೂರ್ವ ಪಾಕಿಸ್ತಾನದಿಂದ ಬಂದ ಅಣ್ಣನಿಗೆ ತೆರೆದ ಬಾಗಿಲು, ಅದೇ ಊರಿನಿಂದ 1972ರಲ್ಲಿ ಬಂದ ತಮ್ಮನಿಗೆ ಮುಚ್ಚಿದೆ.

ಇದನ್ನೆಲ್ಲ ಸರಿಪಡಿಸಲು ಸಂಸತ್ತು ಬೇಕಿಲ್ಲ. ನಿಯಮ ರಾಜ್ಯದ್ದು, ಕರಡು ಅಧಿಸೂಚನೆ ಹೊರಡಿಸಿ ತಿದ್ದುವ ಅಧಿಕಾರ ವಿಧಾನಸೌಧದಲ್ಲೇ ಇದೆ. ಪೌರತ್ವದ ಅರ್ಜಿ ಸರ್ಕಾರದ ಮೇಜಿನ ಮೇಲಿರುವಷ್ಟು ಕಾಲ ಅರ್ಹತಾ ಪತ್ರಕ್ಕೂ ಜೀವವಿರಲಿ. ಮುಂದಿನ ಕಾನ್‌ಸ್ಟೆಬಲ್ ನೇಮಕಾತಿಗೆ ಮುನ್ನ ರಾಯಚೂರು, ಕೊಪ್ಪಳದ ಎಸ್‌ಪಿ ಕಚೇರಿಗಳಿಗೆ 1987ರ ಕಲಮು ನಮೂದಿಸಿದ ಸುತ್ತೋಲೆ ಹೋಗಲಿ.